ಚಾಪೆಯ ಮೇಲಿನ ಕೊಕ್ಕರೆ

ಹೊಸದನ್ನು ಕಲಿಯಲು ನನಗೆ ಬೇಸರವಿಲ್ಲ; ಕಲಿಯುವಾಗ ಯಾರಾದರೂ ನೋಡುತ್ತಿದ್ದರೆ ಮಾತ್ರ ಕಷ್ಟ. ಕುಕ್ಕರಿನಿಂದ ಹಿಡಿದು ವಾಟ್ಸಾಪಿನವರೆಗೆ ಎಲ್ಲವನ್ನೂ ಬಾಗಿಲು ಹಾಕಿಕೊಂಡು ಕಲಿತವಳು ನಾನು. ಹಾಗಾಗಿ ಮೇ ತಿಂಗಳ ರಜೆಯಲ್ಲಿ ನಮ್ಮ ಹೆಡ್‌ಮಿಸ್ ನನ್ನ ಕೈಗೊಂದು ಟ್ಯಾಬ್ ಕೊಟ್ಟು, "ಅಡ್ಮಿಶನ್‌ಗೆ ಬರುವ ಪೇರೆಂಟ್ಸ್ ಎದುರು ನೀವೇ ಡೆಮೊ ಕೊಡ್ಬೇಕು ಟೀಚರ್" ಎಂದಾಗ ನನ್ನ ಕಣ್ಣು ಮೊದಲು ಬಾಗಿಲನ್ನು ಹುಡುಕಿತು. ಟ್ಯಾಬನ್ನು ನೆಲದ ಕಡೆ ಹಿಡಿದರೆ ಅದರ ಪರದೆಯಲ್ಲಿ ನಮ್ಮದೇ ನೆಲದ ಮೇಲೊಂದು ಕೆರೆ ಮೂಡುತ್ತದೆ, ಕಪ್ಪೆ ಕುಪ್ಪಳಿಸುತ್ತದೆ, ಕೊಕ್ಕರೆ ಬಂದು ಅದನ್ನು ನುಂಗುತ್ತದೆ. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎನ್ನುತ್ತಾರಂತೆ. ಇಷ್ಟು ವರ್ಷ ಎರಡನೇ ಕ್ಲಾಸಿನ ಪರಿಸರ ಪಾಠದಲ್ಲಿ ಕಪ್ಪೆಯೂ ನಾನೇ, ಕೊಕ್ಕರೆಯೂ ನಾನೇ ಆಗಿದ್ದೆ. ಮೊಣಕಾಲು ನೋವು ಶುರುವಾದ ಮೇಲೆ ಕಪ್ಪೆಯ ಪಾತ್ರ ಬಿಟ್ಟು, ಒಂಟಿಕಾಲಲ್ಲಿ ನಿಲ್ಲುವ ಕೊಕ್ಕರೆಯನ್ನು ಮಾತ್ರ ಉಳಿಸಿಕೊಂಡಿದ್ದೆ.

"ನಿಮಗೆ ಆಗದಿದ್ರೆ ಹೇಳಿ, ಶರಲ್ ಮಾಡ್ತಾಳೆ. ನಿಮಗೆ ಲೈಬ್ರರಿ ಉಂಟಲ್ಲ" ಎಂದೂ ಹೆಡ್‌ಮಿಸ್ ಸೇರಿಸಿದರು. ಶರಲ್ ಹೊಸ ಟೀಚರ್, ಒಳ್ಳೆಯ ಹುಡುಗಿ. ಆದರೆ ನಮ್ಮ ಲೈಬ್ರರಿಯಲ್ಲಿ ಪುಸ್ತಕಕ್ಕಿಂತ ಹಲ್ಲಿ ಹೆಚ್ಚು. ಡೆಮೊ ಕೆಟ್ಟರೆ ನನ್ನ ಕ್ಲಾಸ್ ಹೋದಂತೆಯೇ.

ಕಾವೂರಿನ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ನಮ್ಮದು ಕೆಂಪು ಗಾರೆಯ ನೆಲ. ಅತ್ತೆ ಉಜ್ಜಿ ಉಜ್ಜಿ ಮುಖ ಕಾಣುವಷ್ಟು ಮಾಡಿದ್ದಾರೆ. ಟ್ಯಾಬಿಗೆ ಆ ಹೊಳಪೇ ಆಗಿಬರಲಿಲ್ಲ. "ನೆಲ ಸಿಗುತ್ತಿಲ್ಲ" ಎಂದು ಬರೆದು ಸುಮ್ಮನಾಯಿತು. ಇಷ್ಟು ದೊಡ್ಡ ನೆಲ ಸಿಗದಿದ್ದರೆ ನಾನೆಂತ ಮಾಡಲಿ? ಕೊನೆಗೆ ಅಂಗಳಕ್ಕೆ ಹೋದೆ. ಮಳೆಗಾಲಕ್ಕೆಂದು ಅತ್ತೆ ಗೆರೆಗೆರೆ ಚಾಪೆಯ ಮೇಲೆ ಸಿಗಡಿ ಒಣಹಾಕಿದ್ದರು. ಅಲ್ಲಿ ಹಿಡಿದದ್ದೇ ತಡ, ಕೆರೆ ಮೂಡಿತು. ಕೊಕ್ಕರೆ ರೆಕ್ಕೆ ಬಡಿದು ನೇರ ಸಿಗಡಿಯ ನಡುವೆ ಇಳಿಯಿತು.

"ಹುಶ್! ಹುಶ್!" ಎಂದು ಕೈ ಬೀಸಿ ಓಡಿಸಿದೆ.

ಜಗಲಿಯಿಂದ ಅತ್ತೆ ಕೇಳಿದರು, "ಎಂತದು? ಯಾರನ್ನು ಓಡಿಸ್ತಾ ಇದ್ದೀ ಮಾರಾಯ್ತಿ?"

"ಕೊಕ್ಕರೆ" ಎಂದೆ. ಅವರು ಅಂಗಳ ನೋಡಿದರು, ನನ್ನನ್ನು ನೋಡಿದರು, ನೆತ್ತಿಯ ಮೇಲಿನ ಬಿಸಿಲು ನೋಡಿದರು, ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.

ಹುಟ್ಟಿದಾಗಿನಿಂದ ಒಣಮೀನು ಕಾದ ಕೈ ನನ್ನದು. ಹಕ್ಕಿ ಸುಳ್ಳೋ ನಿಜವೋ ಎಂದು ಕೇಳುವುದಿಲ್ಲ. ಅದಿರಲಿ, ಗೆರೆ ಇರುವ ಕಡೆ ಟ್ಯಾಬಿಗೆ ನೆಲ ಸಿಗುತ್ತದೆಂಬ ಗುಟ್ಟು ತಿಳಿಯಿತು. ಶಾಲೆಯದೂ ಕನ್ನಡಿಯಂಥ ಟೈಲ್ಸ್. ಡೆಮೊ ದಿನ ಸಿಗಡಿಯನ್ನು ಮೊರಕ್ಕೆ ಸುರಿದು, ಚಾಪೆ ಕೊಡವಿ, ಸುತ್ತಿ ಹಿಡಿದು ಬಸ್ ಹತ್ತಿದೆ. "ಅಕ್ಕ, ಮೀನು ಹಿಂದೆ ಇಡಿ" ಎಂದ ಕಂಡಕ್ಟರ್. ಮೀನೆಲ್ಲಿದೆ ಎಂದು ನಾನೂ ಸುತ್ತ ನೋಡಿದೆ.

ಡೆಮೊ ಚೆನ್ನಾಗಿಯೇ ಆಯಿತು. ಚಾಪೆ ಹಾಸಿದೆ, ಟ್ಯಾಬಿಗೆ ಜೋಡಿಸಿದ ದೊಡ್ಡ ಪರದೆಯಲ್ಲಿ ಕೆರೆ ಬಂತು, ಕೊಕ್ಕರೆ ಬಂತು, ಪೇರೆಂಟ್ಸ್ ಜೊತೆ ಬಂದ ಮಕ್ಕಳು "ಹೋ" ಎಂದರು. ಮುಂದಿನ ಸಾಲಿನ ಒಬ್ಬ ತಂದೆ ಮೂಗರಳಿಸಿ, "ಮೇಡಂ, ಇದರಲ್ಲಿ ಸ್ಮೆಲ್ ಸಹ ಬರ್ತದಾ?" ಎಂದರು. ನಾನು ಚಾಪೆಯ ಅಂಚನ್ನು ಕಾಲಿಂದ ಒಳಗೆ ಮಡಚಿದೆ. ಹೆಡ್‌ಮಿಸ್ ಮಾತ್ರ ನಗು ಕದಲಿಸದೆ, "ಅದು ನಮ್ಮ ಶಾಲೆಯಲ್ಲಿ ಮಾತ್ರ ಸರ್" ಎಂದರು.

ಅಷ್ಟರಲ್ಲಿ ಕಿಟಕಿಯಿಂದ ಒಂದು ಬೆಕ್ಕು ಇಳಿದು, ಕೆರೆಯ ಮಧ್ಯದಿಂದಲೇ ನಡೆದು ಬಂದು ಚಾಪೆ ನೆಕ್ಕತೊಡಗಿತು. ಪರದೆಯಲ್ಲಿ ನೋಡಿದರೆ ಕೊಕ್ಕರೆ ಅದರ ಬೆನ್ನ ಮೇಲೆ ಒಂಟಿಕಾಲಲ್ಲಿ ನಿಂತಿದೆ! ಜಡೆಯ ಪುಟ್ಟ ಹುಡುಗಿಯೊಬ್ಬಳು ಹತ್ತಿರ ಬಂದು, "ಟೀಚರ್, ಈ ಬೆಕ್ಕು ನಿಜದ್ದಾ?" ಎಂದಳು.

"ಮುಟ್ಟಿ ನೋಡು."

ಮುಟ್ಟಿದಳು. ಆಮೇಲೆ ಎಲ್ಲ ಮಕ್ಕಳೂ ಮುಟ್ಟಿದರು. ಪರದೆಯ ಕೊಕ್ಕರೆಯನ್ನು ನೋಡುವವರೇ ಇರಲಿಲ್ಲ. ಬೆಕ್ಕು ಏನು ತಿನ್ನುತ್ತದೆ, ಸಿಗಡಿ ಎಂದರೆ ಸಿಗಡಿ ಏನು ತಿನ್ನುತ್ತದೆ, ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ನಾನು ಟ್ಯಾಬನ್ನು ಶರಲ್ ಕೈಗೆ ಕೊಟ್ಟು ನೆಲದ ಮೇಲೆಯೇ ಕುಳಿತು ಪಾಠ ಮಾಡಿದೆ. ಹೋಗುವಾಗ ಹೆಡ್‌ಮಿಸ್, "ಕ್ಲಾಸ್ ನಿಮಗೇ ಟೀಚರ್. ಆದ್ರೆ ಚಾಪೆ ತೊಳೀರಿ" ಎಂದರು.

ಮರುದಿನ ಅತ್ತೆ ತೊಳೆದ ಚಾಪೆಯಲ್ಲಿ ಮತ್ತೆ ಸಿಗಡಿ ಹರವಿ ನನ್ನನ್ನು ಕಾವಲಿಗೆ ಕೂರಿಸಿದರು. ಒಂದು ಕಾಗೆ ಬಂದು ಕುಳಿತಿತು. ನಾನು ಅದರ ಕಡೆ ಕೈ ಚಾಚಿ, ಟ್ಯಾಬಿನಲ್ಲಿ ಮಾಡುವ ಹಾಗೆ, ಗಾಳಿಯಲ್ಲಿ ಎರಡು ಬೆರಳು ಹತ್ತಿರ ತಂದು ಅದನ್ನು ಚಿಕ್ಕದು ಮಾಡಲು ನೋಡಿದೆ. ಕಾಗೆ ಚಿಕ್ಕದಾಗಲಿಲ್ಲ, ದೊಡ್ಡದೊಂದು ಸಿಗಡಿಯನ್ನೇ ಆರಿಸಿ ಕಚ್ಚಿಕೊಂಡು ಹಾರಿತು. ಜಗಲಿಯಲ್ಲಿದ್ದ ಅತ್ತೆ ಮಜ್ಜಿಗೆ ತರಲು ಎದ್ದರು.