ಊರ ಆಕಳುಗಳಿಗೆ ಗಂಡು ಹುಡುಕಿದ ಮಾವ

ತಮ್ಮ ಒಬ್ಬಳೇ ಮಗಳನ್ನು ನನಗೆ ಕೊಡುವಾಗ ನಮ್ಮ ಸೋದರಮಾವ ನನ್ನನ್ನು ಸರಿಯಾಗಿ ನೋಡಲೂ ಇಲ್ಲ. ನಾನು ಅಂಗಳದಲ್ಲಿ ಕುಳಿತಿದ್ದೆ, ಅವರು ಎತ್ತಿಗೆ ಮೇವು ಹಾಕುತ್ತಿದ್ದರು. ಬೆನ್ನು ತಿರುಗಿಸಿಕೊಂಡೇ, "ತಂಗೀ ಮಗ ಅದಾನ, ಮತ್ತೇನು ನೋಡೋದು?" ಎಂದರು. ಮುಗಿಯಿತು ಮಾತುಕತೆ! ಅದೇ ಮನುಷ್ಯ ಊರ ಆಕಳುಗಳಿಗೆ ಒಂದು ಹೋರಿ ನೋಡಲು ಹೊರಟಾಗ ಕುಷ್ಟಗಿ, ಗಂಗಾವತಿ, ಕೊಪ್ಪಳದ ಸೀಮೆಯನ್ನೆಲ್ಲ ಜಾಲಾಡಿದರು. ಅಳಿಯನಿಗಿಂತ ಹೋರಿ ಹೆಚ್ಚೇ? ನಾನು ಕೇಳಿಯೇಬಿಟ್ಟೆ.

"ಅಳಿಯ ಕೆಟ್ರ ಒಂದು ಮನಿ ಕೆಡ್ತೈತಿ. ಹೋರಿ ಕೆಟ್ರ ಊರ ದನಾ ಎಲ್ಲಾ ಕೆಡ್ತಾವು. ಸುಮ್ನ ಬಂಡಿ ಹೊಡಿ," ಎಂದರು.

ಹೌದು, ಬಂಡಿ ಹೊಡೆಯುವವನು ನಾನೇ. ನಿಜಾಮರ ಆಳ್ವಿಕೆಯ ಕಾಲ, ಹೊರಗೆಲ್ಲೋ ದೊಡ್ಡ ಲಡಾಯಿ ನಡೆದಿತ್ತು. ಯಲಬುರ್ಗಾ ಕಡೆಯ ನಮ್ಮ ಊರಿನಲ್ಲಿ ಮಾತ್ರ ಹೋರಿಯದೇ ಚಿಂತೆ. ಊರ ಹಳೆಯ ಹೋರಿಗೆ ವಯಸ್ಸಾಗಿ, ಆಕಳು ಹತ್ತಿರ ಬಂದರೆ ಅದು ಮುಖ ತಿರುಗಿಸಿ ನೆರಳು ಹುಡುಕುತ್ತಿತ್ತು. ಹೊಸದನ್ನು ತರುವ ಕೆಲಸವನ್ನು ಹಿರಿಯರು ಮಾವನಿಗೆ ಒಪ್ಪಿಸಿದರು. ಮಾವನ ಜೊತೆ ಒಮ್ಮೆ ದನ ನೋಡಲು ಹೋಗಿ ಬಂದವರಿಗೆಲ್ಲ ಸೊಂಟ ನೋವು ಶುರುವಾಗಿತ್ತು. ಉಳಿದವನು ನಾನೊಬ್ಬ.

ಮೊದಲು ಕುಷ್ಟಗಿ ಕಡೆಯ ಒಂದು ಹಳ್ಳಿ. ಅಲ್ಲಿನ ಹೋರಿಯನ್ನು ನೋಡಿದೊಡನೆ ನನ್ನ ದಣಿವೆಲ್ಲ ಇಳಿಯಿತು. ಬಿಳೀ ಮೈ, ಗೋಡೆಯಂಥ ಎದೆ, ಗುಡ್ಡದಂಥ ಹೆಗಲು! ಇನ್ನೇನು ಬೇಕು? ಮಾವ ಅದರ ಸುತ್ತ ಒಂದು ಸುತ್ತು ಹಾಕಿ, "ಇದರ ಅವ್ವನ್ನ ತೋರಸ್ರಿ," ಎಂದರು.

ಅವ್ವ ಹಳ್ಳದಾಚೆ ಮೇಯಲು ಹೋಗಿತ್ತು. ಉರಿಬಿಸಿಲಿನಲ್ಲಿ ನಡೆದೆವು. ಮಾವ ಆ ಆಕಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬೀಗಿತ್ತಿಯ ಯೋಗಕ್ಷೇಮ ವಿಚಾರಿಸುವವರಂತೆ ಅದರ ಮುಖ ನೋಡುತ್ತ ಮಾಲೀಕನನ್ನು ಕೇಳಿದರು: "ಆ ಹೋರೀನ ಈಯುವಾಗ ಇದಕ್ಕ ಹೆಂಗಾತು?"

ಆತ ಮೀಸೆಯ ಮೇಲೆ ಕೈಯಿಟ್ಟ. "ಅದನ್ಯಾಕ ಕೇಳ್ತೀರಿ! ಕರ ಅಷ್ಟು ದೊಡ್ಡದಿತ್ರಿ. ಓಣಿ ಮಂದಿ ಎಲ್ಲಾ ಕೂಡಿ ಹಗ್ಗ ಹಾಕಿ ಜಗ್ಗಿದ್ವಿ!"

ಮಾವ ಎದ್ದು ಧೋತರ ಝಾಡಿಸಿಕೊಂಡರು. "ನಡಿ ಅಳಿಯಾ."

ಅಷ್ಟೇ! ಯಾಕೆಂದು ಕೇಳಿದರೆ ಎಲೆ ಅಡಿಕೆಯ ಚೀಲ ಬಿಚ್ಚಿದರು. ದಾರಿಯುದ್ದಕ್ಕೂ ಜಗಿಯುತ್ತ ಕುಳಿತರು. ನನ್ನ ಎತ್ತುಗಳು ಕೂಡ ಹಿಂತಿರುಗಿ ಅವರನ್ನೊಮ್ಮೆ ನೋಡಿದವು.

ಆಮೇಲೆ ಗಂಗಾವತಿ ಹತ್ತಿರದ ಮರಳಿ. ಅಲ್ಲಿ ಭತ್ತದ ಗದ್ದೆ, ಕಾಲಿಟ್ಟಲ್ಲಿ ಕೆಸರು. ಹೋರಿಯ ತಾಯಿಯ ಪರೀಕ್ಷೆ ಸುಸೂತ್ರವಾಗಿ ಮುಗಿದದ್ದರಿಂದ ನನಗೆ ಆಸೆ ಹುಟ್ಟಿತು. ಆದರೆ ಇನ್ನು ಹೋರಿಯ ಸ್ವಭಾವ ನೋಡಬೇಕಲ್ಲ! ಮಾವ ಅದರ ಎದುರು ಫಟ್ಟನೆ ಕೊಡೆ ಬಿಚ್ಚಿದರು. ಹೋರಿ ಸುಮ್ಮನಿತ್ತು. ಹೆಗಲ ಮೇಲಿನ ವಲ್ಲಿ ಬೀಸಿದರು. ಸುಮ್ಮನಿತ್ತು. ಕೊನೆಗೆ ಕಣ್ಣು ಮುಚ್ಚಿ ಒಂದು ಭಜನೆ ಎತ್ತಿಕೊಂಡರು. ಪಲ್ಲವಿ ಮುಗಿಯುವ ಮೊದಲೇ ಮಾವ ಗದ್ದೆಯಲ್ಲಿದ್ದರು!

ಕೆಸರಿನಿಂದ ತಲೆಯೆತ್ತಿ, "ಸಿಟ್ಟು ಇರ್ಲಿ, ಆದ್ರ ಸಿಟ್ಟಿಗೊಂದು ಕಾರಣ ಇರಬೇಕಿಲ್ಲೋ?" ಎಂದರು.

"ಕಾರಣ ಇತ್ತಲ್ರಿ ಮಾವಾ. ಊರ ಮಂದಿಗೆಲ್ಲಾ ಕೇಳಿಸ್ತು," ಎಂದೆ.

ಆ ಸಂಜೆಯೆಲ್ಲ ಅವರು ಧೋತರದ ಕೆಸರು ತಿಕ್ಕುತ್ತ ಕುಳಿತರು. ನನಗಾದರೂ ನಗುವ ತ್ರಾಣ ಎಲ್ಲಿತ್ತು? ಮೈಯೆಲ್ಲ ಧೂಳು, ಬುತ್ತಿಯ ರೊಟ್ಟಿ ಒಣಗಿ ಹಂಚಿನ ಚೂರಾಗಿತ್ತು. ಮನೆಯಲ್ಲಿ ಹೆಂಡತಿಯ ಮುಖ ಹೇಗಿದೆಯೆಂಬುದೂ ಮರೆಯತೊಡಗಿತ್ತು.

ಕಡೆಗೆ ಕೊಪ್ಪಳದ ಮಗ್ಗುಲಿನ ಭಾಗ್ಯನಗರಕ್ಕೆ ಬಂದೆವು. ಅಲ್ಲಿ ದನದ ವ್ಯಾಪಾರ ಮಾಡುವ ಒಬ್ಬ ಸಾಹೇಬರಿದ್ದರು, ತಾಳ್ಮೆಯ ಮನುಷ್ಯ. ಖಿಲಾರಿ ತಳಿಯ ಹೋರಿಗೂ ನಮ್ಮ ಜವಾರಿ ಆಕಳಿಗೂ ಹುಟ್ಟಿದ ಬೆರಕೆ ಹೋರಿಗಳನ್ನು ಸಾಲಾಗಿ ನಿಲ್ಲಿಸಿದರು. ಮಾವ ಹಲ್ಲು ನೋಡಿದರು, ಗೊರಸು ತಟ್ಟಿದರು, ಹಸಿ ಮಣ್ಣಿನ ಮೇಲೆ ನಡೆಸಿ ಹೆಜ್ಜೆ ನೋಡಿದರು, ಒಂದೊಂದಕ್ಕೂ ಬೇಡವೆಂದು ತಲೆಯಾಡಿಸಿದರು. ಬಿಸಿಲು ಏರಿ ಇಳಿಯಿತು. ಸಾಹೇಬರ ತಾಳ್ಮೆಯೂ ಇಳಿಯಿತು.

"ಯಜಮಾನ್ರ, ಖರೇ ಹೇಳ್ರಿ. ಹೋರಿ ಒಯ್ಯಾಕ ಬಂದೀರೋ, ನನ್ನ ಸಬರ್ ನೋಡಾಕ ಬಂದೀರೋ?"

ಮಾವನ ಕಣ್ಣು ಮೂಲೆಯಲ್ಲಿ ಕಟ್ಟಿದ್ದ ಇನ್ನೊಂದು ಹೋರಿಯ ಮೇಲಿತ್ತು. ಬಿಳಿಯೂ ಅಲ್ಲ, ಕಂದೂ ಅಲ್ಲ. ಸಣ್ಣ ತಲೆ, ಇಳಿಜಾರು ಹೆಗಲು. ಎದೆ ಮಾತ್ರ ಆಳ, ಕಾಲು ನೆಟ್ಟಗೆ.

"ಅದರ ಅವ್ವ?"

"ಅಲ್ಲೇ ನಿಂತಾಳಲ್ರಿ. ಅಡವ್ಯಾಗ ತಾನ ಈದು, ಸಂಜೀಕ ಕರ ಬೆನ್ನಿಗೆ ಹಚಗೊಂಡು ಮನಿಗೆ ಬಂದ್ಳು. ನಮಗ ಗೊತ್ತೇ ಆಗ್ಲಿಲ್ಲ. ಆದ್ರ ಹೋರಿ ಸಣ್ಣದೈತ್ರಿ, ಊರಿಗೆ ಒಯ್ದ್ರ ನನ್ನ ಹೆಸರು ಕೆಡ್ತೈತಿ!"

"ಇದ ಬೇಕು," ಎಂದರು ಮಾವ.

ಊರು ಮುಟ್ಟಿದಾಗ ಆದ ಮರ್ಯಾದೆಯನ್ನು ಏನೆಂದು ಹೇಳಲಿ! ಹಿರಿಯರಲ್ಲಿ ಒಬ್ಬರು ಕಟ್ಟೆ ಇಳಿದು ಬಂದು ನೋಡಿ, "ಇದು ಹೋರಿನೋ, ಹೋತಾನೋ? ಎರಿ ಹೊಲ ಹೂಡೋ ಎತ್ತು ಇದಕ್ಕ ಹುಟ್ಟತಾವೇನೋ?" ಎಂದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಹೋರಿ ತರಬೇಕೆಂಬ ಮಾತೂ ಎದ್ದಿತು.

"ಮೊದ್ಲ ನನ್ನ ಕಡಸಿಗೆ ಬಿಡ್ತೀನಿ. ಕರ ನೋಡಿ ಮಾತಾಡ್ರಿ. ಛಲೋ ಆಗ್ಲಿಲ್ಲಂದ್ರ ಈ ಊರಾಗ ದನದ ಮಾತ ಆಡಂಗಿಲ್ಲ ನಾನು," ಎಂದರು ಮಾವ. ದನದ ಮಾತು ಬಿಟ್ಟರೆ ಮಾವನಿಗೆ ಬೇರೆ ಮಾತಾದರೂ ಎಲ್ಲಿತ್ತು? ಊರು ಒಪ್ಪಿತು. ನಾನು ಮನೆಗೆ ಹೋಗಿ ಮಲಗಿದೆ.

ಒಂಬತ್ತು ತಿಂಗಳು ಕಳೆದು ಕಡಸು ಚೊಚ್ಚಲು ಈದದ್ದು ಒಂದು ಬೆಳಗ್ಗೆ. ಎಳೇ ಕಡಸು, ಮೈ ಸಣ್ಣದು. ಹಿರಿಯರೆಲ್ಲ ಅಂಗಳದಲ್ಲಿ ಸೇರಿದ್ದರು. ಮಾವ ಅದರ ಕೊರಳು ತಬ್ಬಿ ಕುಳಿತಿದ್ದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಹಗ್ಗ ಬೇಕಾಗಲಿಲ್ಲ, ಯಾರೂ ಕೈ ಹಚ್ಚಬೇಕಾಗಲಿಲ್ಲ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಸ್ವಲ್ಪ ಹೊತ್ತಿನಲ್ಲೇ ನಾಲ್ಕೂ ಕಾಲೂರಿ ನಿಂತಿತು. ಉದ್ದ ಬೆನ್ನಿನ ಹೋರಿಗರು! ನಕ್ಕಿದ್ದ ಹಿರಿಯರೇ ಬಗ್ಗಿ ಅದರ ಕಾಲು ಮುಟ್ಟಿ ನೋಡಿ, "ಬೆಳೀತೈತಿ ಬಿಡ್ರಿ, ಛಲೋ ಎತ್ತು ಆಗತೈತಿ," ಎಂದರು.

ಮಾವ ಕರುವಿನ ಕಡೆ ತಿರುಗಲೇ ಇಲ್ಲ. ಕಡಸಿನ ಹಣೆಗೆ ಹಣೆ ಹಚ್ಚಿ, "ಹಗೂರ ಆತಲ್ಲವಾ... ಹಗೂರ ಆತಲ್ಲ..." ಎನ್ನುತ್ತಿದ್ದರು.

ಜನ ಚದುರಿದ ಮೇಲೆ ನನ್ನ ಹೆಂಡತಿ ಅವರಿಗೆ ನೀರು ತಂದಳು. ಅವಳು ಹುಟ್ಟಿದ ದಿನವೇ ಅವಳ ತಾಯಿ ತೀರಿಕೊಂಡಿದ್ದರು. ಮಾವ ಇನ್ನೊಂದು ಮದುವೆಯಾಗದೆ, ತಮ್ಮ ಕೈಯಾರೆ ಹಾಲು ಕುಡಿಸಿ ಅವಳನ್ನು ಸಾಕಿದ್ದರು. ಆಕೆಯ ಬಗ್ಗೆ ಒಂದು ಮಾತನ್ನೂ ಅವರ ಬಾಯಲ್ಲಿ ನಾವ್ಯಾರೂ ಕೇಳಿರಲಿಲ್ಲ.

ಮಾವ ಚೆಂಬು ತೆಗೆದುಕೊಂಡರು, ಕುಡಿಯಲಿಲ್ಲ.

"ಎರಡು ದಿನ ಒದ್ದಾಡಿದ್ಳವಾ ನಿಮ್ಮವ್ವ. ನಾ ಹೊರಗ ಕಟ್ಟಿ ಮ್ಯಾಲ ಕುಂತಿದ್ದೆ. ನನಗೇನೂ ಮಾಡಾಕ ಬರ್ಲಿಲ್ಲ."

ನನ್ನ ಹೆಂಡತಿ ಒದ್ದೆ ಹುಲ್ಲಿನ ಮೇಲೆಯೇ ಅವರ ಪಕ್ಕದಲ್ಲಿ ಕುಳಿತು, ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಸೆರಗಿನಿಂದ ಒರೆಸತೊಡಗಿದಳು.