ಗರಗಸದ ಮಿಷನ್ನಿನ ಪೆಟ್ರೋಲ್ ಪೈಪು

ಒಂದು ಗೇಣುದ್ದದ ರಬ್ಬರ್ ಪೈಪಿನಿಂದ ಮನುಷ್ಯನ ಬಾಳು ಕೆಡುತ್ತದೆ ಎಂದು ಯಾರಾದರೂ ಹೇಳಿದ್ದರೆ ಹೊನ್ನಯ್ಯ ನಗುತ್ತಿದ್ದನೋ ಏನೋ. ಆವತ್ತು ಬೆಳಗ್ಗೆ ಮಳವಳ್ಳಿಯ ರಸ್ತೆ ಆಫೀಸಿನ ಶೆಡ್ಡಿನಲ್ಲಿ ಮರ ಕೊಯ್ಯುವ ಮಿಷನ್ನಿನ ಮುಚ್ಚಳ ಬಿಚ್ಚಿದಾಗ, ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲು ಒಯ್ಯುವ ಪೈಪು ಅವನ ಬೆರಳು ತಾಗಿದ್ದೇ ತಡ, ಹಳೇ ಹಪ್ಪಳದಂತೆ ಪುಡಿಪುಡಿಯಾಗಿ ಉದುರಿತು.

ಉದುರದೆ ಇನ್ನೇನಾಗುತ್ತೆ? ಮಿಷನ್ನು ಬಂದು ಮೂರು ವರ್ಷವಾಗಿತ್ತು. ಅದು ಕೊಯ್ದ ಮರಗಳಿಗಿಂತ ಮಾಡಿಸಿಕೊಂಡ ಪೂಜೆಗಳೇ ಹೆಚ್ಚು. ಪ್ರತಿ ಆಯುಧಪೂಜೆಗೂ ಓವರ್‌ಸಿಯರ್ ವೆಂಕಟರಾಮಯ್ಯನವರು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿ, ಸೀಮೆಎಣ್ಣೆಯಲ್ಲಿ ತೊಳೆಸಿ, ಬಿಸಿಲಲ್ಲಿ ಒಣಗಿಸಿ, ಗಂಧ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಬಟ್ಟೆ ಸುತ್ತಿ ಬೀರುವಿನ ಮೇಲೆ ಇಡಿಸುತ್ತಿದ್ದರು. ಹಿತ್ತಾಳೆ ಕೊಳಗಕ್ಕೆ ಮಾಡುವ ಉಪಚಾರವನ್ನೆಲ್ಲ ಪೆಟ್ರೋಲ್ ಮಿಷನ್ನಿಗೆ ಮಾಡಿದರೆ ರಬ್ಬರು ಉಳಿಯುತ್ತದೆಯೇ? ಆದರೆ ಹೇಳುವವರು ಯಾರು! ರಸ್ತೆಯಲ್ಲಿ ಮರ ಬಿದ್ದರೆ ಕೈಗರಗಸ ಇತ್ತು, ಅದನ್ನು ಎಳೆಯುವುದಕ್ಕೆ ಹೊನ್ನಯ್ಯನಿದ್ದ.

ಹೊನ್ನಯ್ಯ ಪೂರಿಗಾಲಿಯವನು. ರಸ್ತೆ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಟೆಂಪರ್ವರಿ. ಆಗಾಗ ಒಂದು ದಿನ ಅವನನ್ನು ಕೆಲಸದಿಂದ ತೆಗೆದುಹಾಕಿ, ಮಾರನೆಯ ದಿನ ಹೊಸಬನೆಂದು ಸೇರಿಸಿಕೊಳ್ಳುತ್ತಿದ್ದರು. ಇಲ್ಲದಿದ್ದರೆ ಸರ್ವೀಸು ಬೆಳೆದು ಕಾಯಂ ಮಾಡಬೇಕಾಗುತ್ತದಲ್ಲ! ಊರಿನಲ್ಲಿ ಅವನ ಹೆಸರೇ ಟೆಂಪರ್ವರಿ ಹೊನ್ನಯ್ಯ ಎಂದಾಗಿತ್ತು. ಅಷ್ಟಕ್ಕೇ ನಿಂತಿದ್ದರೆ ಅವನು ನುಂಗಿಕೊಳ್ಳುತ್ತಿದ್ದ. ಹೋದ ವಾರ ಬಾವಿಕಟ್ಟೆಯ ಹತ್ತಿರ ಯಾವಳೋ ಅವನ ಹೆಂಡತಿ ಅಂಕಮ್ಮನನ್ನು ನೋಡಿ, "ದಾರಿ ಬುಡ್ರವ್ವ, ಟೆಂಪರ್ವರಿ ಎಂಡ್ರು ಬಂದ್ಲು" ಎಂದಿದ್ದಳು. ಅಂಕಮ್ಮ ಬಿಂದಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದಳು. ಆ ಅಳು ಹೊನ್ನಯ್ಯನ ಎದೆಯಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು.

ಈಗ ದೇವರು ಕಣ್ಣು ಬಿಟ್ಟ ಹಾಗಿತ್ತು. ಮಳವಳ್ಳಿಗೋ ಮದ್ದೂರಿಗೋ ಒಬ್ಬ ಮೆಕ್ಯಾನಿಕ್ಕು, ಕಾಯಂ ಪೋಸ್ಟು ಎಂದು ಮೇಲಿನಿಂದ ಮಂಜೂರಾಗಿತ್ತು. ಎರಡು ಕಡೆಯೂ ಇದೇ ಮಿಷನ್ನು. ಮದ್ದೂರಿನಲ್ಲಿ ಕೆಂಪಯ್ಯ ಎಂಬ ಇನ್ನೊಬ್ಬ ಟೆಂಪರ್ವರಿ ಅದೇ ಪೋಸ್ಟಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದ. ಯಾರಿಗೆ ಕೊಡಬೇಕೆಂದು ತೀರ್ಮಾನ ಮಾಡಲು ಮಂಡ್ಯದಿಂದ ದೊಡ್ಡ ಇಂಜಿನಿಯರ್ ಸಾಹೇಬರು ಅವತ್ತು ಮಧ್ಯಾಹ್ನವೇ ಬರುವವರಿದ್ದರು. ರಾತ್ರಿ ಗಾಳಿಗೆ ಹಲಗೂರು ರಸ್ತೆಯಲ್ಲಿ, ಮಳವಳ್ಳಿಗೆ ಹತ್ತಿರದಲ್ಲೇ, ದೊಡ್ಡ ಗೋಣಿಮರವೊಂದು ಅಡ್ಡ ಬಿದ್ದಿತ್ತು.

"ಎಂಥಾ ಅದೃಷ್ಟ ಕಣಯ್ಯಾ ನಿಂದು!" ಎಂದರು ವೆಂಕಟರಾಮಯ್ಯ. "ಸಾಹೇಬರ ಕಣ್ಣೆದುರಿಗೇ ಮಿಷನ್ನಿನಲ್ಲಿ ಮರ ಕೊಯ್ದುಬಿಡು. ಪೋಸ್ಟು ನಿನಗೇ ಅಂತ ನಾನೇ ಬಾಯಿಬಿಟ್ಟು ಹೇಳ್ತೀನಿ."

"ಪೈಪು ಉದ್ರೋಗದೆ ಸಾ."

"ಪೈಪು ತಾನೇ? ಯಾವುದಾದರೂ ಒಂದು ಸಿಕ್ಕಿಸಯ್ಯಾ. ಲೋಕದಲ್ಲಿ ಪೈಪಿಗೇನು ಬರವೇ?"

ಲೋಕದಲ್ಲಿ ಪೈಪಿಗೂ ಬರವಿರಲಿಲ್ಲ, ಬುದ್ಧಿ ಹೇಳುವವರಿಗಂತೂ ಮೊದಲೇ ಬರವಿರಲಿಲ್ಲ. ಮಿಷನ್ನನ್ನು ಹೊತ್ತುಕೊಂಡು ಮರದ ಹತ್ತಿರ ಹೋಗುವಷ್ಟರಲ್ಲಿ ಎರಡು ಬಸ್ಸಿನ ಜನ ಅಲ್ಲಿ ಸೇರಿದ್ದರು. ಹೊನ್ನಯ್ಯನ ಜೊತೆಗೇ ಗರಗಸ ಎಳೆಯುವ ಶಿವಣ್ಣ ಜೇಬಿನಿಂದ ಸೈಕಲ್ಲಿನ ವಾಲ್ ಟ್ಯೂಬ್ ತೆಗೆದ.

"ಲೇ ಹೊನ್ನ, ಇದ್ನ ಆಕ್ಲಾ. ಇಷ್ಟ್ಕೆಲ್ಲ ತಲೆ ಕೆಡಿಸ್ಕತರಾ?"

"ಪೆಟ್ರೋಲ್ಗೆ ತಡೀತದೇನ್ಲಾ ಇದು?"

"ಗಾಳಿಗೇ ತಡೀತದಂತೆ, ಪೆಟ್ರೋಲ್ಗೆ ತಡೀದಾ? ಆಕ್ಲಾ ಸುಮ್ಕೆ!"

ಹಾಕಿದ. ಹಗ್ಗ ಎಳೆದ. ಮಿಷನ್ನು ಢರ್ರೆಂದಿತು, ಜನ ಹೋ ಎಂದರು. ಗರಗಸ ಇನ್ನೂ ತೊಗಟೆ ದಾಟಿರಲಿಲ್ಲ, ಒಳಗೆ ಟ್ಯೂಬು ನೆನೆಹಾಕಿದ ಅವರೆಕಾಳಿನಂತೆ ಊದಿಕೊಂಡು ಜಾರಿ ಕಳಚಿಬಿಟ್ಟಿತು. ಪೆಟ್ರೋಲೆಲ್ಲ ಹೊನ್ನಯ್ಯನ ಖಾಕಿ ಚಡ್ಡಿಗೆ ಸುರಿದು ತೊಡೆ ಉರಿಯತೊಡಗಿತು. ಅವನು ಕುಣಿದಾಡಿದ್ದನ್ನು ನೋಡಿ ಜನ ಮೊದಲಿಗಿಂತ ಜೋರಾಗಿ ಹೋ ಎಂದರು.

ಬಸ್ಸಿನಿಂದ ಇಳಿದು ನಿಂತಿದ್ದ ಕಾಂಪೌಂಡರ್ ರಾಮಾನುಜನಿಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. ಚೀಲದಿಂದ ಗ್ಲೂಕೋಸ್ ಏರಿಸುವ ಟ್ಯೂಬು ತೆಗೆದು ಕತ್ತರಿಸಿಯೇಬಿಟ್ಟ.

"ಮನುಷ್ಯರ ಪ್ರಾಣ ಉಳಿಸೋ ಟ್ಯೂಬು ಕಣಯ್ಯಾ ಇದು. ನಿನ್ನ ಮಿಷನ್ ಯಾವ ಲೆಕ್ಕ?"

ಆ ಟ್ಯೂಬಿನ ಒಳಗೆಲ್ಲ ಕಾಣಿಸುತ್ತಿದ್ದುದೇ ಪ್ರಾಣಸಂಕಟವಾಯಿತು. ಜನ ಸುತ್ತ ಬಗ್ಗಿಕೊಂಡು, "ಅಕಾ ಬಂತು, ಬಂತು!" "ಗುಳ್ಳೆ ಐತಲ್ಲಾ!" "ಒಸಿ ಎತ್ತಿಡಿಯೋ!" ಎಂದು ಕೂಗತೊಡಗಿದರು. ಟ್ಯೂಬು ಸಡಿಲ, ಗಾಳಿ ಒಳಗೆ ಹೊಕ್ಕು ಇಂಜಿನ್ನು ಬಿಕ್ಕಳಿಸಿ ಬಿಕ್ಕಳಿಸಿ ನಿಂತಿತು. ದಾರ ಬಿಗಿದು ಮತ್ತೆ ಹಚ್ಚಿದರೆ, ಇಂಜಿನ್ನಿನ ಬಿಸಿಗೆ ಟ್ಯೂಬು ಮೆತ್ತಗಾಗಿ ಮಡಚಿಕೊಂಡಿತು.

ಮಗಳ ಬಾಣಂತನಕ್ಕೆಂದು ಹಲಗೂರಿಗೆ ಹೊರಟಿದ್ದ ಚಿಕ್ಕಬೋರಮ್ಮ ಗಂಟಿನ ಮೇಲೆ ಕೂತೇ ತೀರ್ಪು ಕೊಟ್ಟಳು. "ಗ್ಲೂಕೋಸ್ ಆಕುದ್ ಮ್ಯಾಕೆ ಯಾರ್ ಉಳ್ಕಂಡವ್ರೆ ಬುಡಪ್ಪ. ಕೈಗರಗಸ ತಕಂಡು ಕೂದಾಕು, ನಾನು ಬಿರ್ನೆ ಓಗ್ಬೇಕು."

ಎಲ್ಲರೂ ನಕ್ಕರು. ಹೊನ್ನಯ್ಯನಿಗೆ ಅಳು ಬಂದಂತಾಯಿತು. ಕೈಗರಗಸದಲ್ಲಿ ಕೊಯ್ದರೆ ತಾನು ಎಂದಿನ ಕೂಲಿ, ಮಿಷನ್ನಿನಲ್ಲಿ ಕೊಯ್ದರೆ ಮೆಕ್ಯಾನಿಕ್ಕು. ನಡುವೆ ಇರುವುದು ಒಂದು ಗೇಣು ಪೈಪು! ಅವನು ಮಿಷನ್ನನ್ನು ಶಿವಣ್ಣನ ಕೈಗೆ ಕೊಟ್ಟು, ಟ್ಯಾಂಕಿನ ಬಾಯಿಗೆ ಅಂಟಿಕೊಂಡು ಉಳಿದಿದ್ದ ಹಳೇ ಪೈಪಿನ ತುಂಡೊಂದನ್ನು ಅಳತೆಗೆಂದು ಜೇಬಿಗೆ ಹಾಕಿಕೊಂಡು, ಮಳವಳ್ಳಿಗೆ ಓಡಿ ಮದ್ದೂರಿನ ಬಸ್ಸು ಹಿಡಿದ.

ಮದ್ದೂರಿನ ಮೋಟಾರು ಸಾಮಾನಿನ ಅಂಗಡಿಯಲ್ಲಿ ಚಲುವನಾರಾಯಣ ಎಂಬಾತ ಥಳಥಳ ಹೊಳೆಯುವ ಪೈಪೊಂದನ್ನು ಮುಂದಿಟ್ಟ. ಬೆಳಗ್ಗೆಯಾಗಿದ್ದರೆ ಹೊನ್ನಯ್ಯ ಅದನ್ನೇ ತೆಗೆದುಕೊಂಡು ಬರುತ್ತಿದ್ದ. ಈಗ ಅವನ ತೊಡೆ ಇನ್ನೂ ಉರಿಯುತ್ತಿತ್ತು.

"ಒಂದ್ ಲೋಟದಲ್ಲಿ ಪೆಟ್ರೋಲ್ ಕೊಡಿ ಸೋಮಿ. ಅದ್ದಿ ನೋಡ್ಬುಟ್ಟೇ ತಕೊಳ್ಳೋದು."

"ಪೈಪು ತಗೊಳ್ಳೋಕೆ ಬಂದಿದ್ದೀಯೋ, ಹೆಣ್ಣು ನೋಡೋಕೆ ಬಂದಿದ್ದೀಯೋ?"

"ಎಣ್ಣಾದ್ರೆ ಎಂಗೋ ಒಂದ್ಕತೀವಿ ಸೋಮಿ, ಇದು ಒಂದ್ಕಳಲ್ಲ."

ಅಂಗಡಿಯಲ್ಲಿದ್ದ ಪೈಪುಗಳ ತುಂಡನ್ನೆಲ್ಲ ಅದ್ದಿ, ಕಾದು ಕೂತು, ಒಂದೊಂದನ್ನೂ ಹಿಂಡಿ, ಮಡಚಿ, ಎಳೆದು ನೋಡಿದ. ಹೊಳೆಯುತ್ತಿದ್ದುದು ಊದಿಕೊಂಡಿತು. ಇನ್ನೊಂದು ಅಂಟಂಟಾಯಿತು. ಮಂಕಾಗಿ ಮೂಲೆಯಲ್ಲಿ ಬಿದ್ದಿದ್ದ, ಒಳಗೆ ದಾರದ ಹೆಣಿಗೆಯಿದ್ದ ಕಪ್ಪು ಪೈಪೊಂದು ಮಾತ್ರ ಹಾಕಿದ ಹಾಗೇ ಇತ್ತು. ಅದನ್ನೇ ಸ್ವಂತ ದುಡ್ಡು ಕೊಟ್ಟು ತೆಗೆದುಕೊಂಡ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ತಾನೂ ಏನೋ ಬಲ್ಲವನು ಅನ್ನಿಸಿ ಎದೆ ತುಂಬಿ ಬಂತು.

ವಾಪಸ್ಸು ಬಸ್ಸಿನಲ್ಲಿ ಆ ಸಂತೋಷಕ್ಕೆ ಕಲ್ಲು ಬಿತ್ತು. ಚಡ್ಡಿಯಿಂದ, ಕೈಯಿಂದ, ಪೈಪಿನಿಂದ ಪೆಟ್ರೋಲಿನ ಘಾಟು ಹೊಡೆಯುತ್ತಿತ್ತು. ಕಂಡಕ್ಟರು ಮೂಗರಳಿಸಿ ಹುಡುಕಿಕೊಂಡು ಬಂದ.

"ಯಾವನ್ಲಾ ಇವ್ನು, ಬಸ್ಗೆ ಬೆಂಕಿ ಇಕ್ಕಕ್ಕೆ ಬಂದವ್ನೆ! ಇಳೀಲಾ ಕೆಳಕ್ಕೆ!"

ಬಸ್ಸಿನ ತುಂಬ ಜನ ಬೀಡಿ ಸೇದುತ್ತಿದ್ದರು. ಬೀಡಿ ಎಸೆಯಿರಿ ಎಂದು ಒಬ್ಬರಿಗೂ ಹೇಳಲಿಲ್ಲ, ಹೊನ್ನಯ್ಯನನ್ನು ಮಾತ್ರ ನಡುದಾರಿಯಲ್ಲಿ ಇಳಿಸಿದರು. ಅವನು ಕಂಡ ಗಾಡಿಗಳಿಗೆಲ್ಲ ಕೈಮುಗಿಯುತ್ತ ನಡೆದು, ಕೊನೆಗೆ ಕಬ್ಬು ಇಳಿಸಿ ಬರುತ್ತಿದ್ದ ಖಾಲಿ ಲಾರಿಯೊಂದರ ಹಿಂದೆ ನಿಂತುಕೊಂಡು ಮಳವಳ್ಳಿ ಸೇರಿ, ಅಲ್ಲಿಂದ ಮರದ ಹತ್ತಿರಕ್ಕೆ ಏದುಸಿರು ಬಿಡುತ್ತ ಓಡಿದ. ಸಾಹೇಬರ ಜೀಪು ಆಗಲೇ ಬಂದು ನಿಂತಿತ್ತು.

"ಎಲ್ಲಿ ಹಾಳಾಗಿ ಹೋಗಿದ್ದೆಯಯ್ಯಾ!" ಎಂದು ವೆಂಕಟರಾಮಯ್ಯನವರು ಹಲ್ಲು ಕಡಿದರು.

ಹೊನ್ನಯ್ಯ ಕೂತು ಪೈಪು ಕೂಡಿಸಿದ, ಎರಡು ಕೊನೆಯನ್ನೂ ತಂತಿಯಲ್ಲಿ ಬಿಗಿದ, ಟ್ಯಾಂಕು ತುಂಬಿಸಿದ. ಹಗ್ಗ ಎಳೆಯಬೇಕು, ಅಷ್ಟರಲ್ಲಿ ಓವರ್‌ಸಿಯರು, "ತಡಿ ತಡಿ, ಶುಭಕಾರ್ಯ!" ಎಂದು ಕರ್ಪೂರ ಹಚ್ಚಿಕೊಂಡು ಮಿಷನ್ನಿಗೆ ಬೆಳಗಲು ಬಂದೇಬಿಟ್ಟರು.

"ಅಯ್ಯೋ ಸಾ! ಪೆಟ್ರೋಲು!" ಎಂದು ಹೊನ್ನಯ್ಯ ಮಿಷನ್ನನ್ನು ಮಗುವಿನ ಹಾಗೆ ಅವಚಿಕೊಂಡು ದೂರ ಓಡಿದ.

ಆಮೇಲೆ ಹಗ್ಗ ಎಳೆದ. ಮಿಷನ್ನು ಹಿಡಿದ ಶಬ್ದ ಬಿಡದೆ ಕೂಗಿತು. ಗೋಣಿಮರ ಬಾಳೆದಿಂಡಿನಂತೆ ತುಂಡುತುಂಡಾಯಿತು. ಜನ ತುಂಡುಗಳನ್ನು ಉರುಳಿಸಿದರು, ಬಸ್ಸುಗಳು ಹಾರನ್ನು ಹೊಡೆದುಕೊಂಡು ಹೊರಟವು. ಚಿಕ್ಕಬೋರಮ್ಮ ಕಿಟಕಿಯಿಂದ ಕೈ ಚಾಚಿ, "ನಿನ್ ಒಟ್ಟೆ ತಣ್ಣಗಿರ್ಲಿ ಕಣಪ್ಪ!" ಎಂದು ಹರಸಿದಳು. ಹೊನ್ನಯ್ಯನ ಕಣ್ಣು ಮಂಜಾಯಿತು. ಬಾವಿಕಟ್ಟೆಯಲ್ಲಿ ಅಂಕಮ್ಮ ಇನ್ನು ತಲೆಯೆತ್ತಿ ನಿಲ್ಲಬಹುದು ಎಂದುಕೊಂಡ.

ಸಾಹೇಬರು ಹತ್ತಿರ ಬಂದರು. "ಶಭಾಷ್! ಏನು ರಿಪೇರಿ ಮಾಡಿದೆ?"

"ಪೆಟ್ರೋಲ್ ಪೈಪು ಒಸಾದು ಆಕಿವ್ನಿ ಸಾ. ಅದ್ದಿ, ಇಂಡಿ, ನೋಡ್ಬುಟ್ಟೇ ತಂದಿವ್ನಿ."

"ಗಟ್ಟಿ ಇದೆಯೋ? ಎಷ್ಟು ದಿನ ಬರುತ್ತೆ?"

ಇಲ್ಲಿ ಹೊನ್ನಯ್ಯ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಆದರೆ ಕೆಲಸ ಚೆನ್ನಾಗಿ ಮಾಡಿದವನ ಬಾಯಿ ಮುಚ್ಚಿಸುವುದು ಯಾರಿಂದಾಗುತ್ತೆ?

"ದಿನ ಅಂದ್ರೇನ್ ಸಾ, ಐದ್ ವರ್ಸ ಈ ಮಿಷನ್ನ ಯಾರೂ ಬಿಚ್ಚಂಗೇ ಇಲ್ಲ!"

"ನಿಜವೇನ್ರೀ?" ಎಂದು ಸಾಹೇಬರು ಓವರ್‌ಸಿಯರ್ ಕಡೆ ತಿರುಗಿದರು.

"ನೂರಕ್ಕೆ ನೂರು ಸಾರ್!" ಎಂದರು ವೆಂಕಟರಾಮಯ್ಯ, ಪೈಪನ್ನು ತಾವೇ ಹೆತ್ತವರಂತೆ. "ನಮ್ಮ ಸೆಕ್ಷನ್ನಿನಲ್ಲಿ ಮಿಷನ್ನು ಕೆಡುವ ಮಾತೇ ಇಲ್ಲ ಸಾರ್!"

ಸಾಹೇಬರಿಗೆ ತಲೆಯ ಮೇಲಿನ ಭಾರ ಇಳಿದಂತಾಯಿತು. "ಹಾಗಾದರೆ ಬಿಡಿ, ನನ್ನ ಕೆಲಸ ಸುಲಭವಾಯಿತು. ಐದು ವರ್ಷ ಬಿಚ್ಚೋ ಹಾಗೇ ಇಲ್ಲದ ಮಿಷನ್ನಿಗೆ ಮೆಕ್ಯಾನಿಕ್ಕು ಯಾಕೆ? ಮದ್ದೂರಿನಲ್ಲಿ ಆ ಕೆಂಪಯ್ಯನನ್ನು ಬೆಳಗ್ಗೆ ನೋಡಿ ಬಂದೆ. ಪಾಪ, ವಾರಕ್ಕೆರಡು ಸಲ ಅವನ ಮಿಷನ್ನಿನ ಪೈಪು ಕಿತ್ತುಹೋಗುತ್ತಂತೆ. ಯಾವಾಗ ನೋಡಿದರೂ ಅದರ ಮುಂದೆ ಸ್ಪ್ಯಾನರ್ ಹಿಡಿದು ಕೂತಿರುತ್ತಾನೆ. ಅವನಿಲ್ಲದೆ ಅಲ್ಲಿ ಒಂದು ದಿನವೂ ನಡೆಯೋಲ್ಲ. ಪೋಸ್ಟು ಅವನಿಗೇ."

ಹೊನ್ನಯ್ಯನ ಕಿವಿಯಲ್ಲಿ ಮಿಷನ್ನಿನ ಸದ್ದು ಇನ್ನೂ ಗುಂಯ್‌ಗುಡುತ್ತಿತ್ತು. ತಪ್ಪಾಗಿ ಕೇಳಿಸಿತೇನೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ಅವನ ಕಡೆ ನೋಡಲಿಲ್ಲ.

"ಸಾ... ನಾನೇ ಅಲ್ವಾ ಸಾ ರಿಪೇರಿ ಮಾಡಿದ್ದು?"

"ಅದಕ್ಕೇ ಶಭಾಷ್ ಅಂದೆನಲ್ಲಯ್ಯಾ!"

ವೆಂಕಟರಾಮಯ್ಯನವರಿಗೂ ಅಯ್ಯೋ ಅನ್ನಿಸಿರಬೇಕು. "ಸಾರ್, ಆ ಪೈಪು ಇವನ ಸ್ವಂತದ್ದು, ಟೆಂಪರ್ವರಿಯಾಗಿ ಹಾಕಿದ್ದಾನೆ..." ಎಂದು ರಾಗ ಎಳೆದರು.

"ಏನೂ ತೆಗೀಬೇಡಿ. ಪರ್ಮನೆಂಟಾಗಿ ಅಲ್ಲೇ ಇರಲಿ. ಸ್ಟಾಕಿಗೆ ಸೇರಿಸಿಬಿಡಿ, ಇನ್ನು ಮೇಲೆ ಅದು ಸರ್ಕಾರದ ಆಸ್ತಿ" ಎಂದು ಸಾಹೇಬರು ಜೀಪು ಹತ್ತಿದರು.

ಧೂಳು ಅಡಗಿದ ಮೇಲೆ ಶಿವಣ್ಣ ಹತ್ತಿರ ಬಂದು ಬೀಡಿ ಕೊಟ್ಟ. "ನಾನ್ ಕೊಟ್ಟ ಟ್ಯೂಬ್ನೇ ತಿರ್‍ಗಾ ಆಕಿದ್ರೆ ನೀನೂ ಗೆಲ್ತಿದ್ದೆ ಕಣ್ಲಾ. ಗಟ್ಟಿ ಪೈಪ್ ತರಕ್ಕೆ ನಿಂಗ್ಯಾವನ್ಲಾ ಏಳ್ದೋನು?"

ಹೊನ್ನಯ್ಯ ಬೀಡಿಯನ್ನು ಹಚ್ಚದೆ ಹಿಂದಕ್ಕೆ ಕೊಟ್ಟ. ಚಡ್ಡಿಯಲ್ಲಿ ಇನ್ನೂ ಪೆಟ್ರೋಲಿತ್ತು.

ಪೂರಿಗಾಲಿ ಸೇರಿದಾಗ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತು. ಅಂಕಮ್ಮ ಮದುವೆಯ ಸೀರೆ ಉಟ್ಟುಕೊಂಡು, ಬಿಂದಿಗೆ ಪಕ್ಕದಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಕೇಳಿದ ಕೂಡಲೇ ಬಾವಿಕಟ್ಟೆಗೆ ಹೋಗುವವಳಿದ್ದಳು. ಪಕ್ಕದ ಮನೆಯವರೂ ಜಗಲಿಗೆ ಬಂದು ಕಿವಿ ನೆಟ್ಟರು.

"ಎಂಗಾಯ್ತು? ಪರ್ಮೆಂಟ್ ಮಾಡುದ್ರಾ?"

ಹೊನ್ನಯ್ಯ ಗೋಡೆಗೆ ಒರಗಿ ಕುಸಿದು ಕೂತ.

"ಮಾಡುದ್ರು ಕಣಮ್ಮಿ," ಎಂದ. "ಪೈಪ್ನ."