ಬಾಂದುಕಲ್ಲಿನ ಮೇಲೆ ಒಂದೂವರೆ ಗಂಟೆ

ಎಲ್ಲೇ ಕೂರುವ ಮೊದಲು ಆ ಜಾಗವನ್ನು ಮೂರು ಸಲ ನೋಡುವ ಚಟ ನನಗಿದೆ. ಮದುವೆಮನೆಯ ಜಮಖಾನೆಯಾಗಲಿ, ಬಸ್ಸಿನ ಸೀಟಾಗಲಿ, ಬಗ್ಗಿ ನೋಡಿ, ಕೈಯಿಂದ ಒರೆಸಿ, ಕೂತ ಮೇಲೂ ಪಂಚೆ ಎತ್ತಿ ಕಾಲಿನ ಮೀನಖಂಡ ನೋಡಿಕೊಳ್ಳುತ್ತೇನೆ. ಕಂಡವರು ಮಡಿವಂತನೆಂದು ತಿಳಿಯುತ್ತಾರೆ. ಹೆಂಡತಿ ಬೇರೊಂದು ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ನಿಜ ಹೇಳುತ್ತೇನೆ, ಇದು ಮಡಿಯಲ್ಲ, ಹೆದರಿಕೆ. ವರ್ಷಗಳು ಕಳೆದರೂ ಇಳಿಯದ ಹೆದರಿಕೆ.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು, ಶಾನುಭೋಗಿಕೆ ಇನ್ನೂ ಹೋಗಿರಲಿಲ್ಲ. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯವನಾದ ನಾನು ಗಣಿತದಲ್ಲಿ ಬಿ.ಎಸ್‌ಸಿ. ಮುಗಿಸಿ, ಮಂಗನ ಕಾಯಿಲೆಗೆಂದು ಸಾಗರದಲ್ಲಿ ತೆರೆದಿದ್ದ ತಾತ್ಕಾಲಿಕ ಕಚೇರಿಯೊಂದಕ್ಕೆ ಸೇರಿದ್ದೆ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಇಳಿದು ತರಗೆಲೆಯಲ್ಲಿ ಕಾಯುತ್ತವೆ. ಅಲ್ಲಿ ಓಡಾಡಿದವನಿಗೆ ಕಚ್ಚಿದರೆ ಮೂರರಿಂದ ಎಂಟು ದಿನದೊಳಗೆ ಜ್ವರ. ಇಷ್ಟನ್ನೂ ಸಮೀಕರಣದಲ್ಲಿ ಹಿಡಿಯಬಹುದೆಂದು ನಮ್ಮ ಸಾಹೇಬರು ನಂಬಿದ್ದರು. ಮಂಗ ಎಕ್ಸ್, ಉಣುಗು ವೈ, ಮನುಷ್ಯ ಝಡ್. ನಾನು ಮೇಜಿನ ಮುಂದೆ ಕೂತು ಝಡ್‌ನನ್ನು ಬೆಳಿಗ್ಗೆ ಸಾಯಿಸಿ ಸಂಜೆಗೆ ಬದುಕಿಸುತ್ತಿದ್ದೆ. ಅವನು ಎಷ್ಟು ಸಲ ಸತ್ತರೂ ಮಧ್ಯಾಹ್ನದ ಊಟ ನನಗೆ ರುಚಿಸುತ್ತಿತ್ತು. ಸತ್ತ ಒಂದೊಂದು ಮಂಗಕ್ಕೂ ನಕ್ಷೆಯ ಮೇಲೆ ಒಂದೊಂದು ಕೆಂಪು ಚುಕ್ಕೆ ಇಡುವುದೂ ನನ್ನ ಕೆಲಸ. ತಾಲೂಕಿನ ಗಡಿಗೆರೆಗೂ ಅದೇ ಕೆಂಪು. ಕಚೇರಿಯಲ್ಲಿದ್ದದ್ದು ಅದೊಂದೇ ಶಾಯಿ ಬಾಟಲಿ.

ಹೀಗಿರುವಾಗ ಸಾಗರ ಮತ್ತು ಹೊಸನಗರದ ಗಡಿಯಲ್ಲಿ ಒಂದು ಮಂಗ ಸತ್ತಿತು. ಅದು ಸತ್ತದ್ದು ಸರಿಯಾಗಿ ಬಾಂದುಕಲ್ಲಿನ ಪಕ್ಕ, ತಲೆ ಹೊಸನಗರದಲ್ಲಿ, ಬಾಲ ಸಾಗರದಲ್ಲಿ. ಯಾವ ತಾಲೂಕೆಂದು ಬರೆಯದೆ ಫಾರಂ ಮುಂದೆ ಹೋಗುವಂತಿಲ್ಲ. ಅಳೆದು ಬಾ ಎಂದು ಸಾಹೇಬರು ಟೇಪು ಕೊಟ್ಟು ನನ್ನನ್ನು ಕಳಿಸಿದರು.

ಹೋಗಿ ನೋಡಿದರೆ ಎರಡೂ ಕಡೆಯ ಶಾನುಭೋಗರು ನನಗಿಂತ ಮೊದಲೇ ಬಂದು ನಿಂತಿದ್ದರು. ಸಾಗರದ ಕಡೆಯ ಸುಬ್ರಾಯರು, ಹೊಸನಗರದ ಕಡೆಯ ಗಣಪಯ್ಯನವರು, ಪರಸ್ಪರ ಭಾವಂದಿರು. ಹೆಣ್ಣು ಕೊಟ್ಟು ತಂದ ಮನೆಗಳಾದರೂ ಆ ಕಾಡಿನ ತುಂಡಿಗಾಗಿ ಅಜ್ಜಂದಿರ ಕಾಲದಿಂದ ವ್ಯಾಜ್ಯ. ಕೆಳದಿ ಅರಸರ ಕಾಲದ್ದೆನ್ನುವ ಕಾಗದ ಇಬ್ಬರ ಬಳಿಯೂ ಇತ್ತು. ಕಲ್ಲು ಸರಿಸಿದವರು ಆಚೆಯವರು ಎಂದು ಇಬ್ಬರ ಮನೆಯಲ್ಲೂ ಹೇಳುತ್ತಿದ್ದರು. ಆದರೆ ಆ ದಿನ ಗಾಳಿ ತಿರುಗಿತ್ತು. ಮಂಗ ಯಾರ ಊರಿನದೆಂದು ಬರೆಯುತ್ತೇವೋ ಆ ಊರಿನವರು ಸೊಪ್ಪು ಸೌದೆಗೆ ಕಾಡಿಗೆ ಕಾಲಿಡುವಂತಿಲ್ಲ, ನೆಂಟರು ಆ ಊರಿನ ಹಾದಿ ಹಿಡಿಯುವುದಿಲ್ಲ. ಗಣಪಯ್ಯನವರ ಮಗಳ ಮದುವೆಗೆ ಇನ್ನು ಹದಿನೈದೇ ದಿನ.

“ತಲೆ ನಿಂಗಳ ಕಡೆ ಇದ್ದು ಭಾವ. ತಲೆ ಎಲ್ಲಿದ್ದೋ ಊರು ಅದೇಯ” ಎಂದರು ಸುಬ್ರಾಯರು.

“ಅದು ಬಿದ್ದ ಮರದ ಬುಡ ನಿಂಗಳಲ್ಲಿದ್ದು. ಬುಡ ನೋಡವು, ಮಂಡೆ ನೋಡ್ಲಾಗ.”

ಸುಬ್ರಾಯರು ಕೊನೆಯ ಅಸ್ತ್ರ ತೆಗೆದರು. “ಎಂಗಳ ಅಜ್ಜ ಹೇಳಿದ್ದೆಲ್ಲ ಸುಳ್ಳು ಭಾವ. ಈ ಜಾಗ ನಿಂಗಳದ್ದೇಯ.”

ಗಣಪಯ್ಯನವರೂ ತಮ್ಮ ಅಜ್ಜನನ್ನು ಬಿಟ್ಟುಕೊಟ್ಟರು. ಟೇಪು ಹಿಡಿದು ಅಳೆದ ಲೆಕ್ಕವನ್ನು ನಾನು ಯಾರಿಗೂ ಹೇಳದೆ ಜೇಬಿಗೆ ಹಾಕಿಕೊಂಡೆ. ಯಾರ ಕಡೆಯವನೂ ಅಲ್ಲವೆಂದು ತೋರಿಸಲು ನಾನು ಬಾಂದುಕಲ್ಲಿನ ಮೇಲೆ ಒಂದೊಂದು ತಾಲೂಕಿಗೆ ಒಂದೊಂದು ಕಾಲು ಹಾಕಿ, ನಕ್ಷೆಯನ್ನು ತೊಡೆಯ ಮೇಲೆ ಹರಡಿ, ಒಂದೂವರೆ ಗಂಟೆ ಕೂತೆ. ಕಾಲಡಿ ಒಣ ತರಗೆಲೆ. ತೀರ್ಮಾನವಾಗಲಿಲ್ಲ. ಮಂಗ ಆಗಲೇ ಕೊಳೆತಿತ್ತು. ಸೌದೆ ಒಟ್ಟಿ ಸುಟ್ಟರು. ಫಾರಮ್ಮಿನಲ್ಲಿ ತಾಲೂಕಿನ ಜಾಗ ಖಾಲಿ ಬಿಟ್ಟು, ನಕ್ಷೆ ನೋಡಿ ತುಂಬಲಾಗುವುದು ಎಂದು ಬರೆದು ಎದ್ದೆ. ಎಡಗಾಲು ತುರಿಸಿತು. ಪಂಚೆ ಎತ್ತಿದರೆ ಮೀನಖಂಡದಲ್ಲಿ ಎಳ್ಳಿನಷ್ಟು ಕಪ್ಪು. ಎಳ್ಳಿಗೆ ಕಾಲಿರುವುದಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಮೂರನೆಯ ದಿನ ನನ್ನ ಹಣೆ ಬಿಸಿಯೆನಿಸಿತು. ಗೋಡೆ ಮುಟ್ಟಿದರೆ ಅದೂ ಬಿಸಿ, ಮಾರ್ಚಿ ತಿಂಗಳು. ನಾಲ್ಕನೆಯ ದಿನ ನನ್ನ ಸಮೀಕರಣಕ್ಕೆ ನನ್ನನ್ನೇ ಹಾಕಿ ಲೆಕ್ಕ ಮಾಡಿದೆ. ಝಡ್ ಉಳಿಯಲಿಲ್ಲ. ಎಲ್ಲೋ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಕಾಲೇಜಿನಲ್ಲಿ ಎಂದೂ ಬಾರದಷ್ಟು ಸರಿಯಾಗಿ ಅದೇ ಉತ್ತರ ಬಂತು. ಮೇಳಿಗೆಗೆ ಅಮ್ಮನಿಗೆ ಕಾಗದ ಬರೆಯಲು ಕೂತವನು, ಕ್ಷೇಮ ಎಂಬ ಮಾತಿನ ಹತ್ತಿರ ಪೆನ್ನು ನಿಂತಾಗ ಕಾಗದವನ್ನೇ ಹರಿದು ಹಾಕಿದೆ.

ಏಳನೆಯ ದಿನ, ನನಗೆ ಉಣುಗು ಕಚ್ಚಿದ ಸುದ್ದಿ ಕೇಳಿ, ಭಾವಂದಿರಿಬ್ಬರೂ ಜೊತೆಯಾಗಿ ನನ್ನ ರೂಮಿಗೆ ಬಂದರು, ಬಾಳೆಹಣ್ಣಿನ ಚಿಪ್ಪು ತಂದಿದ್ದರು. ಗಣಪಯ್ಯನವರು ಮಗನಿಗೆ ನೋಡುವಂತೆ ನನ್ನ ಹಣೆ ಮುಟ್ಟಿ ನೋಡಿದರು. ನನ್ನ ಕಣ್ಣು ತುಂಬಿತು. ಆಗ ಸುಬ್ರಾಯರು ಗಂಟಲು ಸರಿಮಾಡಿಕೊಂಡು ನನ್ನನ್ನು ಕೇಳಿದರು.

“ಅಲ್ಲ ಸಾರ್, ಕಚ್ಚಿದ್ದು ಯಾವ ಕಾಲಿಗೆ?”

ಎಡಗಾಲು ಎಂದೆ. ಗಣಪಯ್ಯನವರ ಮುಖ ಇಳಿಯಿತು, ಎಡಗಾಲು ಹೊಸನಗರದಲ್ಲಿತ್ತು. ಆಮೇಲೆ ಅವರೇ ಮೆಲ್ಲಗೆ, “ನೀವು ಮೂಲದಲ್ಲಿ ತೀರ್ಥಹಳ್ಳಿ ತಾಲೂಕಿನವರಲ್ದಾ? ಏನಾದ್ರೂ ಆದ್ರೆ ಅಲ್ಲಿಗೇ ಬರೆಸ್ಕೊಳಿ” ಎಂದರು. ಅದೇ ಸರಿ ಎಂದರು ಸುಬ್ರಾಯರು. ಗಡಿಯ ವಿಷಯದಲ್ಲಿ ಮೂರು ತಲೆಮಾರಿನಿಂದ ಆ ಎರಡು ಮನೆಗಳು ಒಪ್ಪಿದ ಮೊದಲ ಮಾತು ಅದೇ ಇರಬೇಕು.

ಎಂಟನೆಯ ದಿನವೂ ಜ್ವರ ಬರಲಿಲ್ಲ. ಒಂಬತ್ತನೆಯ ದಿನ ಕಚೇರಿಗೆ ಹೋಗಿ, ಉಳಿದಿದ್ದ ಆ ಒಂದು ಚುಕ್ಕೆ ಇಡಲು ನಕ್ಷೆ ಬಿಡಿಸಿದೆ. ಟೇಪಿನ ಲೆಕ್ಕ ನನ್ನ ಬಳಿ ಇತ್ತು. ಮಂಗ ಯಾವ ಕಡೆ ಹೆಚ್ಚು ಬಿದ್ದಿತ್ತೆಂದು ನನಗೆ ಗೊತ್ತಿತ್ತು. ಆದರೆ ಚುಕ್ಕೆ ಯಾವ ತಾಲೂಕಿಗೆ ಬಿದ್ದರೂ ಕಚೇರಿಯವರು ಅಲ್ಲಿಗೆ ಹೋಗಿ ಪರೀಕ್ಷೆಗೆಂದು ತರಗೆಲೆಯಿಂದ ಉಣುಗು ಹೆಕ್ಕಿ ತರಬೇಕು, ನಮ್ಮಲ್ಲಿ ಆ ಜಾಗ ಗೊತ್ತಿದ್ದವನು ನಾನೊಬ್ಬನೇ. ಪೆನ್ನನ್ನು ಶಾಯಿಗೆ ಅದ್ದಿ ಕೆಂಪು ಚುಕ್ಕೆಯನ್ನು ಕೆಂಪು ಗೆರೆಯ ಮೇಲೆಯೇ ಇಟ್ಟೆ. ಗೆರೆ ಅದನ್ನು ನುಂಗಿತು.

ಸಂಜೆ ಸಾಹೇಬರು ನಕ್ಷೆಯನ್ನು ಬೆಳಕಿಗೆ ಹಿಡಿದು, ಗಡಿಗೆರೆ ಇಲ್ಲೊಂದು ಕಡೆ ದಪ್ಪವಾಗಿದೆಯಲ್ಲ ಎಂದರು.

“ಕೈ ನಡುಗಿತು ಸಾರ್” ಎಂದೆ. ಆ ಇಡೀ ಪ್ರಕರಣದಲ್ಲಿ ಯಾರೇ ಆಗಲಿ ಹೇಳಿದ ಪೂರ್ತಿ ನಿಜವಾದ ಮಾತು ಅದೊಂದೇ.